ಕರ್ಪೂರದ ಆಣೆ

ಊರಾಚೆಯ ವಿಲ್ಲಾ ಬಡಾವಣೆಯಲ್ಲಿ ಮೂರು ಕೋಟಿಗೆ ಏರಿದ್ದ ಮನೆಗಳ ಬೆಲೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರಿಗೂ ತಿಳಿಯದು. ಗಂಡನ ಕೆಲಸ ಹೋಗಿದ್ದ ವಸುಮತಿಗೆ ಮಾತ್ರ ಮನೆ ಮಾರದೆ ವಿಧಿಯಿರಲಿಲ್ಲ.

ನಿವಾಸಿಗಳ ಸಂಘದ ಅಧ್ಯಕ್ಷರಾದ ಎದುರುಮನೆಯ ಚಿದಾನಂದ, ಬಡಾವಣೆಯ ಗಣಪತಿ ಗುಡಿಯಲ್ಲಿ ಕರ್ಪೂರ ಹಚ್ಚಿ ಎಲ್ಲರಿಂದಲೂ ಆಣೆ ಮಾಡಿಸಿದರು: "ಎರಡೂವರೆ ಕೋಟಿಗಿಂತ ಕೆಳಗೆ ಯಾರೂ ಮಾರಬಾರದು. ಒಬ್ರು ಜಾರಿದ್ರೆ ಎಲ್ರೂ ಬಿದ್ದ ಹಾಗೆ."

ಮರುವಾರವೇ ದಂಪತಿಗಳಿಬ್ಬರು ಬಂದು ಎರಡೂಕಾಲು ಕೋಟಿ ಕೊಡುತ್ತೇವೆಂದರು. ವಸುಮತಿ ಚಿದಾನಂದರಿಗೆ ಫೋನ್ ಮಾಡಿದಳು.

"ಕೊಟ್ಟುಬಿಡ್ಲಾ ಅಣ್ಣಾ?"

"ದೇವರ ಮುಂದೆ ಮಾತು ಕೊಟ್ಟಿದೀಯಲ್ಲಮ್ಮ! ಗಟ್ಟಿಯಾಗಿರು. ಅವರ ನಂಬರ್ ಕಳಿಸು, ನಾನು ಮಾತಾಡಿ ಮೇಲೇರಿಸ್ತೀನಿ."

ಅವಳು ನಂಬರ್ ಕಳಿಸಿ ಕಾದಳು. ತಿಂಗಳುಗಳು ಉರುಳಿದವು, ಬೆಲೆ ಇನ್ನಷ್ಟು ಇಳಿಯಿತು.

ಒಂದು ಬೆಳಿಗ್ಗೆ, ಅಂದು ಗಂಡನ ಜೊತೆ ಮನೆ ನೋಡಿಹೋಗಿದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ವಸುಮತಿಯ ಮುಖ ಅರಳಿತು.

"ಬನ್ನಿ ಬನ್ನಿ, ಕೂತು ಮಾತಾಡೋಣ. ಒಂಚೂರು ಹೆಚ್ಚುಕಮ್ಮಿ ಮಾಡ್ಕೊಳ್ಳೋಣ."

ಆಕೆ ಸಂಕೋಚದಿಂದ ಕುಂಕುಮದ ಬಟ್ಟಲು ಮುಂದೆ ಹಿಡಿದಳು.

"ಗೃಹಪ್ರವೇಶಕ್ಕೆ ಕರೆಯೋಕೆ ಬಂದೆ ಅಕ್ಕಾ. ಎದುರುಮನೇನೇ, ಎರಡು ಕೋಟಿಗೆ ಆಯ್ತು. ನೀವು ಆಣೆ ಮಾಡಿದೀರಿ, ಬೆಲೆ ಇಳಿಸಲ್ಲ ಅಂತ ಚಿದಾನಂದ ಅವರೇ ಫೋನ್ ಮಾಡಿ ಹೇಳಿದ್ರು."