ಜಾಕ್‌ವೆಲ್ ಬುಡದ ಮೀನು

ಮೀನಿನ ಪಕ್ಕೆಯಲ್ಲಿ ಭರ್ಜಿಯ ತೂತಿತ್ತು. ರಕ್ತ ಮಾತ್ರ ಒಂದು ತೊಟ್ಟೂ ಇರಲಿಲ್ಲ. ದೇವಯ್ಯ ಕಿವಿರು ಎತ್ತಿ ನೋಡಿದ. ಬಿಳಿಚಿಕೊಂಡಿತ್ತು. ಮುಟ್ಟಿದರೆ ಐಸ್‌ಕ್ಯಾಂಡಿಯಷ್ಟು ತಣ್ಣಗೆ.

“ಈಗ್ಲೇ ವಡ್ದಿದ್ದೇನ್ಲಾ?”

“ಈಗ್ಲೇ ಸಾ. ಆ ಕಂಬದ ಬುಡ್ದಲ್ಲಿ,” ಎಂದ ಜಗನ್, ಕಬ್ಬಿಣದ ಏಣಿಗೆ ಜೋತುಬಿದ್ದು. ಅಷ್ಟು ಹೇಳಿ ಮತ್ತೆ ನೀರಿಗಿಳಿದ.

ನಂಜನಗೂಡಿನಾಚೆ ಕಪಿಲೆಯ ನಡುವೆ, ಕಾರ್ಖಾನೆಯೊಂದಕ್ಕೆ ನೀರೆತ್ತುವ ಜಾಕ್‌ವೆಲ್ ಅದು. ನಾಲ್ಕು ಕಂಬ, ಮೇಲೊಂದು ಕಟ್ಟೆ, ದಡಕ್ಕೆ ಒಬ್ಬರು ನಡೆಯುವಷ್ಟು ಅಗಲದ ಸೇತುವೆ. ಡ್ಯೂಟಿಗೆ ಒಬ್ಬನೇ ಆಪರೇಟರ್, ಈ ಪಾಳಿಗೆ ದೇವಯ್ಯ. ಕಂಬದ ನೆರಳಲ್ಲಿ ಮೀನು ಸೇರುತ್ತವೆ, ನಿಜ. ಹತ್ತಿರ ಯಾರನ್ನೂ ಬಿಡಬಾರದೆಂಬ ಬೋರ್ಡೂ ಇದೆ. ಆದರೆ ಯುಗಾದಿ ಕಳೆದ ಮೇಲೆ ಈ ಜಗನ್ ಈಜುವ ಕನ್ನಡಕ ಹಾಕಿಕೊಂಡು, ಸೈಕಲ್ ಟ್ಯೂಬಿನ ರಬ್ಬರಿಗೆ ಕಂಬಿ ಸಿಕ್ಕಿಸಿದ ಬಿದಿರಿನ ಭರ್ಜಿ ಹಿಡಿದು ಬಂದ. ಕಟ್ಟೆಯ ಮೇಲಿನವನಿಗೆ ದಿನಕ್ಕೊಂದು ಮೀನು. ಅವನು ಕಂಡೂ ಕಾಣದಂತಿರಬೇಕು, ಪಂಪು ಹಾಕುವ ಮುಂಚೆ ಕೂಗಬೇಕು. ದೇವಯ್ಯನ ಕಟ್ಟುನಿಟ್ಟು ಒಂದು ಕಾಟ್ಲಾ ಮೀನಿನ ತೂಕಕ್ಕೆ ಬಾಗಿತು.

ನೆಮ್ಮದಿ ಕೆಟ್ಟದ್ದು ಸೂಪರ್‌ವೈಸರ್ ಮದನ್ ಬಂದು ಹೋದ ಮೇಲೆ. ಹೊಳೆಯ ಕೆಳಗಡೆಯ ಇನ್ನೊಂದು ಪಂಪ್‌ಹೌಸಿನಲ್ಲಿ ತಾಮ್ರದ ಕೇಬಲ್ ಕಳುವಾಗಿತ್ತು. ಕದ್ದವರು ಮೀನು ಹಿಡಿಯುವವರ ವೇಷದಲ್ಲಿ ಬಂದಿದ್ದರಂತೆ. “ನಿಮ್ಮ ಡ್ಯೂಟೀಲಿ ಒಂದು ಗೇಣು ಕೇಬಲ್ ಹೋದ್ರೂ ನೀವು ಮನೆಗೆ ಹೋಗ್ತೀರ ದೇವಯ್ಯನೋರೆ,” ಎಂದಿದ್ದ.

ಸರ್ವೀಸು ಇನ್ನೆರಡು ವರ್ಷ ಇತ್ತು. ಅದಕ್ಕಾಗಿ ದೇವಯ್ಯ ಎಂಥದನ್ನಾದರೂ ನುಂಗಿಕೊಳ್ಳುತ್ತಿದ್ದ. ಯುಗಾದಿಯ ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದದ್ದನ್ನೂ ಹಾಗೇ ನುಂಗಿಕೊಂಡಿದ್ದ. ಆಫೀಸಿಗೆ ಗೊತ್ತಾದರೆ ಡಾಕ್ಟರ ಚೀಟಿ ಕೇಳುತ್ತಾರೆ, ಆಮೇಲೆ ಗೇಟು ತೋರಿಸುತ್ತಾರೆ. ಹೆಂಡತಿ ಮಾದಮ್ಮ ಕೆಲಸ ಬಿಡಿ ಎಂದು ಒಂದು ವಾರ ತಲೆ ತಿಂದಳು. ಆಮೇಲೆ ಸುಮ್ಮನಾದಳು. ಹಟದಲ್ಲಿ ತಾನೇ ಗೆದ್ದೆನೆಂದು ದೇವಯ್ಯ ಬೀಗಿದ.

ಈಗ ಅವನು ಜಗನ್‌ನನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಹುಡುಕಿದರೆ ಹುಳುಕು ಸಾಲುಗಟ್ಟಿ ಬಂದವು. ಇವನ ಊರು ತಿ. ನರಸೀಪುರ. ಎರಡು ಹೊಳೆ ಸೇರುವ ಕಡೆ ಸಿಗದ ಮೀನು ಇಲ್ಲೇನು ಸಿಕ್ಕೀತು? ಸೋಮವಾರ ನಂಜುಂಡೇಶ್ವರನ ವಾರ, ಸುತ್ತಿನ ಊರುಗಳಲ್ಲಿ ಮೀನು ಕೊಳ್ಳುವವರಿಲ್ಲ. ಆದರೂ ಸೋಮವಾರ ತಪ್ಪದೆ ಬರುತ್ತಾನೆ. ಅಂದು ಮಾತ್ರ ಮೀನು ಕೊಡುವುದಿಲ್ಲ. ನಮ್ಮ ಮನೆಯಲ್ಲೂ ಅಂದು ಮೀನು ಮುಟ್ಟುವುದಿಲ್ಲವೆಂದು ಇವನಿಗೆ ಹೇಳಿದವರು ಯಾರು? ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ಹಗ್ಗ ಕಟ್ಟಿ ತರುತ್ತಾನೆ. ಒಂದು ಮೀನಿಗೆ ಅಷ್ಟು ದೊಡ್ಡ ಟ್ಯೂಬು ಯಾಕೆ? ಎಲ್ಲಕ್ಕಿಂತ ಹೆಚ್ಚಾಗಿ, ಅವನ ಕಣ್ಣು ನೀರಿನ ಮೇಲಿರುವುದಿಲ್ಲ. ಕಟ್ಟೆಯಂಚಿನ ಕಟಕಟೆಯ ಒಂದು ಪಟ್ಟಿ ಮುರಿದ ಕಡೆ ದೇವಯ್ಯ ಬಗ್ಗಿ ನೀರಿನ ಮಟ್ಟ ಓದುತ್ತಿದ್ದ. ಕೇಬಲ್ ಹಾದುಹೋಗಿದ್ದೂ ಅಲ್ಲೇ. ಜಗನ್ ಸದಾ ಅದರ ಕೆಳಗೇ ತೇಲುತ್ತ ಮೇಲೆ ನೋಡುತ್ತಿದ್ದ.

ಇನ್ನೊಂದು ಪಾಳಿಯ ದೊಡ್ಡಮಾದಯ್ಯನನ್ನು ವಿಚಾರಿಸಿದ್ದಾಯಿತು. “ಮೀನೋನಾ? ನನ್ ಡ್ಯೂಟೀಲಿ ಒಂದ್ ನಾಯೀನೂ ಬರಲ್ಲ ಕಣಣ್ಣ.”

ಅಂದರೆ ಕಳ್ಳ ತನ್ನನ್ನೇ ಆರಿಸಿಕೊಂಡಿದ್ದಾನೆ. ದೇವಯ್ಯನಿಗೆ ಭಯಕ್ಕಿಂತ ಅವಮಾನವೇ ಹೆಚ್ಚಾಯಿತು.

ಮಾರನೆಯ ದಿನ ಕರೆಂಟು ಹೋಗಿ ಪಂಪು ನಿಂತಿತ್ತು. ದೇವಯ್ಯ ಮಟ್ಟ ಓದಲು ಹೋಗದೆ, ದೊಡ್ಡ ಸ್ಪ್ಯಾನರ್ ಹಿಡಿದು ಕಟ್ಟೆಯ ಮೇಲಿನ ಪಂಪ್‌ರೂಮಿನಲ್ಲಿ ಸ್ವಿಚ್ ಪ್ಯಾನಲ್‌ನ ಹಿಂದೆ ಕುಳಿತ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, “ಸಾ,” ಎಂದು ಕೇಳಿಸಿತು. ಮತ್ತೆ, “ಸಾ?” ದೇವಯ್ಯ ಉಸಿರು ಬಿಗಿಹಿಡಿದ. ಆಳು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾನೆ ನನ್ಮಗ.

ನೀರು ದಬಾರೆಂದಿತು. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮುರಿದ ಕಟಕಟೆಯ ಕೆಳಗೇ ಏನನ್ನೋ ತಡಕಾಡುವ ಸದ್ದು. ಆಮೇಲೆ ಏಣಿ ಗಡಗಡ ಅಲುಗಿತು. ಜಗನ್ ಒದ್ದೆ ಮೈಯಲ್ಲಿ ಒಳಗೆ ನುಗ್ಗಿದ. ಕೈಯಲ್ಲಿ ಭರ್ಜಿ ಇಲ್ಲ, ಕಟ್ಟರ್ ಇಲ್ಲ, ಏನೂ ಇಲ್ಲ. ದೇವಯ್ಯ ಸ್ಪ್ಯಾನರ್ ಎತ್ತಿ ನಿಂತ.

ಅವನನ್ನು ಕಂಡದ್ದೇ ಜಗನ್ ನೆಲಕ್ಕೆ ಕುಸಿದ. ಏದುಸಿರಿನ ನಡುವೆ, “ಇಲ್ಲೇ ಇದ್ದೀರಾ ಸಾ,” ಎಂದ.

“ಇನ್ನೆಲ್ಲಿರ್ಬೇಕಿತ್ತು?”

ಜಗನ್ ಮುಖದ ನೀರು ಒರೆಸಿಕೊಂಡು ಏಣಿಯ ಕಡೆ ತಿರುಗಿದ.

“ನಾಳೆಯಿಂದ ಈ ಕಡೆ ತಲೆ ಆಕ್ಬೇಡ.”

“ಬತ್ತೀನಿ ಸಾ. ನೀವ್ ಬೈದ್ರೂ ಬತ್ತೀನಿ,” ಎಂದು ಜಗನ್ ಏಣಿಯಿಳಿದ.

ಇಷ್ಟು ಗಟ್ಟಿ ಮುಖದ ಕಳ್ಳನನ್ನು ದೇವಯ್ಯ ಕಂಡಿರಲಿಲ್ಲ. ಏಣಿಗೆ ತಗುಲಿಹಾಕಿದ್ದ ಆ ದಿನದ ಮೀನನ್ನು ಮಾತ್ರ ಬಿಚ್ಚಿಕೊಂಡ. ಕೋಪ ಬೇರೆ, ಸಾರು ಬೇರೆ.

ಸಂಜೆ ಮನೆಯಲ್ಲಿ ಮೀನನ್ನು ಮಾದಮ್ಮನ ಮುಂದಿಟ್ಟು ನಡೆದದ್ದೆಲ್ಲ ಹೇಳಿದ. “ನಾಳೆ ಮದನ್‌ಗೆ ಏಳಿ ಪೊಲೀಸ್ರನ್ನ ಕರುಸ್ತೀನಿ. ಅವ್ನು ಮೀನು ಇಡಿಯೋನಲ್ಲ ಕಣೆ.”

“ಅಲ್ಲ,” ಎಂದಳು ಮಾದಮ್ಮ, ತಲೆ ಎತ್ತದೆ ಮೀನಿನ ಪೊರೆ ಕೆರೆಯುತ್ತ. “ಮೀನು ದಿನಾ ಬಸ್ ಸ್ಟ್ಯಾಂಡ್ ಅತ್ರ ತಗಂಡು ನಾನೇ ಅವ್ನ ಕೈಗೆ ಕೊಡೋದು. ತೂತು ಅವ್ನೇ ಮಾಡ್ಕತಾನೆ.”

ದೇವಯ್ಯ ಬಗ್ಗಿ ಮೀನಿನ ತೂತಿಗೆ ಬೆರಳಿಟ್ಟು ನೋಡಿದ.

“ನೀವು ಬಿದ್ರೆ ಇಡಿಯಾಕೆ ನೀರಲ್ಲಿ ಒಬ್ರು ಇರ್ಲಿ ಅಂತ ಗೊತ್ತು ಮಾಡಿದ್ದೀನಿ.”