ಬೀಜಕ್ಕೆ ಆರಿಸಿದ ಹಣ್ಣು

ಸ್ಟೆರ್ಗಿಯೋಸ್ ತಾತ ತಮ್ಮ ಪಕ್ಕದ ಡೊಮ್ನಾಳ ಮಡಿಯಿಂದ ಟೊಮೆಟೊ ಒಂದನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಪ್ಪಾ, ಈ ಸುಡುಬಿಸಿಲಲ್ಲಿ ವಾರಕ್ಕೆ ಪಾಲಿಗೆ ಬಂದ ಎರಡೇ ಬಕೆಟ್ ನೀರು ಕುಡಿದು ಬದುಕಿದ್ದು ಇದೊಂದೇ ಗಿಡ. ಮುಂದಿನ ವರ್ಷ ಎಲ್ಲರೂ ಇದರ ಬೀಜಾನೇ ಹಾಕೋಣ."

ಗ್ರೀಸ್‌ನ ಥೆಸಲೊನಿಕಿ ನಗರದ ಆ ಸಾರ್ವಜನಿಕ ತೋಟದಲ್ಲಿ ಬೇಸಿಗೆಯನ್ನು ಗೆದ್ದ ಗಿಡವೇ ಎಲ್ಲರಿಗೂ ಬೀಜ ಕೊಡುವುದು ವಾಡಿಕೆ. ಒಣಗಿದ ಮಡಿಗಳ ನಡುವೆ ನಿಂತವರು ಚಪ್ಪಾಳೆ ತಟ್ಟಿದರು. ಡೊಮ್ನಾ ತಲೆ ಎತ್ತಲಿಲ್ಲ.

"ನನ್ನ ಗಿಡಗಳು ಬರೀ ಸೋಮಾರಿಗಳು ಕಣಮ್ಮ," ಎಂದು ನಗುತ್ತ ತಾತ ತಮ್ಮ ಹಳೆಯ ಬೀಜಗಳ ಪೊಟ್ಟಣವನ್ನು ಕಸದ ಬುಟ್ಟಿಯತ್ತ ಒಯ್ದರು.

ಡೊಮ್ನಾ ಆ ಕೈಯನ್ನು ತಡೆದಳು. ಅವರ ಇನ್ನೊಂದು ಕೈಯಲ್ಲಿದ್ದ ಹಣ್ಣನ್ನು ಕಿತ್ತುಕೊಂಡು ಕಚ್ಚಿದಳು. ಬೀಜಗಳು ಗದ್ದದ ಮೇಲೆ ಇಳಿದವು. "ಎಸೀಬೇಡಿ ತಾತ," ಎಂದಳು. "ನೀವು ಆಸ್ಪತ್ರೇಲಿದ್ದಾಗ ನಿಮ್ಮ ಗಿಡಗಳ ನೀರನ್ನೂ ನಾನು ಇದಕ್ಕೇ ಹಾಕಿಬಿಟ್ಟೆ."