ಒಡ್ಡಿದ ಅಂಗೈ

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಾರಿಸ್ರಿ ಮೇಡಂ!" ಎಂದು ಮಾಲತೇಶನ ಅಪ್ಪ ಶಾಲೆಯಲ್ಲಿ ರೇವತಿ ಮೇಡಂ ಮುಂದೆ ಚಾಚಿದ ಬೆತ್ತವನ್ನು ಮಗನ ತರಗತಿಯ ಚೌಡೇಶ್ವರಿ ನಡುವೆಯೇ ಕಸಿದುಕೊಂಡಳು. ಅವಳ ಸೈಕಲ್ ಟೈರು ಕೊಯ್ದಿದ್ದ ಮಾಲತೇಶ ಆಗಲೇ ಅಂಗೈ ಒಡ್ಡಿ ನಿಂತಿದ್ದ. ಏಟು ಅವನಿಗೆ ರೂಢಿ. ತುಟಿಯಲ್ಲಿ ನಗು ಬೇರೆ.

"ಹೊಡೀಬ್ಯಾಡ್ರಿ ಮೇಡಂ. ಇವನು ಕೈ ಉಜ್ಕೊಂಡು ಹೋಗ್ತಾನೆ, ನಾನು ಮಾತ್ರ ನಮ್ಮೂರು ಸಾರಥಿಯಿಂದ ಹರಿಹರದ ಶಾಲೆಗೆ ದಿನಾ ನಡೀಬೇಕು!"

"ಮತ್ತೆ ನಿನಗಾದ ನಷ್ಟ ಹೆಂಗೆ ತುಂಬಬೇಕು? ನೀನೇ ಹೇಳವ್ವ," ಎಂದರು ರೇವತಿ ಮೇಡಂ.

"ನನ್ನ ಟೈರು ಇವನೇ ಹಾಕಿಸ್ಲಿ. ಅಲ್ಲಿತನಕ ಇವನ ಸೈಕಲ್ ನಾನು ತುಳೀತೀನಿ, ಇವನು ನಡೀಲಿ."

ಬೆತ್ತವನ್ನು ಮೂಲೆಗೆಸೆದು ಅವಳು ಮಾಲತೇಶನ ಮುಂದೆ ತನ್ನ ಅಂಗೈ ಒಡ್ಡಿದಳು. "ಕೀಲಿ ಕೊಡು."

ಏಟಿಗೆ ತಾನಾಗಿಯೇ ಮುಂದೆ ಬಂದಿದ್ದ ಅವನ ಕೈ, ಕೀಲಿ ತೆಗೆಯಲು ಜೇಬಿನತ್ತ ಮೆಲ್ಲಗೆ ಹೋಯಿತು; ತುಟಿಯ ನಗು ಅಷ್ಟರಲ್ಲಿ ಆರಿತ್ತು.